ಜೋಡಿಸುವ ಕೆಲಸ ಪರರದು, ಲೆಕ್ಕದ ಹೊಣೆ ನಮ್ಮದು

ಕೊಂಡವನ ಕಿರ್ದಿಯಲ್ಲಿರುವುದು ಮಾರಿದವನ ಖಾತೆಯಲ್ಲಿಯೂ ಇರಬೇಕು. ಇಲ್ಲವಾದರೆ ತಿಂಗಳ ಕೊನೆಗೆ ತಗಾದೆ ತಪ್ಪಿದ್ದಲ್ಲ. ಈ ಎರಡು ಲೆಕ್ಕಗಳನ್ನು ತಾಳೆ ಹಾಕುವ ಕಾರ್ಯವನ್ನು ತಲೆಮಾರುಗಳಿಂದ ಗುಮಾಸ್ತರು ಮಾಡುತ್ತ ಬಂದರು. ಇಂದು ಆ ಕಾರ್ಯವು ಗಣಕಯಂತ್ರದ ಪಾಲಾಗಿದೆ. ಅಷ್ಟೇ ಅಲ್ಲ, ಅನೇಕ ಕಂಪೆನಿಗಳಲ್ಲಿ ಹೊರಗಿನವರ ಗುತ್ತಿಗೆಗೂ ಹೋಗಿದೆ. ಲೆಕ್ಕಪತ್ರವನ್ನು ನಂಬಿ ಬಾಳುವ ನಮ್ಮ ಬಾಂಧವರು ಇದನ್ನು ಅರಿತಿರುವುದು ಅವಶ್ಯ.

ಖರೀದಿ, ಉಗ್ರಾಣ, ತಯಾರಿಕೆ, ಹಣಕಾಸು ಇವೆಲ್ಲವನ್ನೂ ಒಂದೇ ಲೆಕ್ಕದಲ್ಲಿ ಹಿಡಿದಿಡುವ ತಂತ್ರಾಂಶಕ್ಕೆ ಇ.ಆರ್.ಪಿ. ಎಂದು ಹೆಸರು. ಐ.ಬಿ.ಎಂ. ಕಂಪೆನಿಯಿಂದ ಹೊರಬಂದ ಐವರು ೧೯೭೨ರಲ್ಲಿ ಜರ್ಮನಿಯಲ್ಲಿ ಸ್ಥಾಪಿಸಿದ ಎಸ್.ಎ.ಪಿ. ಸಂಸ್ಥೆಯು ಇದರಲ್ಲಿ ಹೆಸರುವಾಸಿ. ಆದರೆ ಒಂದು ಕಂಪೆನಿಯ ತಂತ್ರಾಂಶದ ಭಾಷೆ ಮತ್ತೊಂದಕ್ಕೆ ತಿಳಿಯದು. ಆದುದರಿಂದ ವ್ಯಾಪಾರದ ಕಾಗದಗಳಿಗೆ ಸರ್ವಸಮ್ಮತ ಸಂಕೇತಗಳು ಬೇಕಾದವು. ಅಮೆರಿಕದಲ್ಲಿ ಇದಕ್ಕಾಗಿ ೧೯೭೯ರಲ್ಲಿ ‘ಎಕ್ಸ್-೧೨’ ಎಂಬ ಸಮಿತಿ ಏರ್ಪಟ್ಟಿತು. ಅದರ ಪದ್ಧತಿಯಲ್ಲಿ ೮೫೦ ಎಂದರೆ ಖರೀದಿಯ ಆರ್ಡರು, ೮೫೬ ಎಂದರೆ ಮಾಲು ಹೊರಟ ಸೂಚನೆ, ೮೧೦ ಎಂದರೆ ಬಿಲ್ಲು, ೯೯೭ ಎಂದರೆ ಕಾಗದ ತಲುಪಿದ ರಸೀದಿ.

ಸಂಕೇತ ಒಂದೇ ಆದರೂ ಪ್ರತಿಯೊಬ್ಬ ದೊಡ್ಡ ಗಿರಾಕಿಯೂ ಅದನ್ನು ತನ್ನ ರೀತಿಯಲ್ಲಿಯೇ ಬಯಸುತ್ತಾನೆ. ವಾಲ್‌ಮಾರ್ಟ್ ಕಂಪೆನಿಯು ೨೦೦೨ರಲ್ಲಿ ತನ್ನ ಸರಬರಾಜುದಾರರಿಗೆ, ಕಾಗದಗಳನ್ನು ಎ.ಎಸ್.೨ ಎಂಬ ವಿಧಾನದಿಂದ ಇಂಟರ್ನೆಟ್ಟಿನ ಮೂಲಕವೇ ಕಳುಹಿಸಬೇಕೆಂದು ವಿಧಿಸಿತು. ಸೂಚನೆ ತಡವಾದರೆ ಅಥವಾ ತಪ್ಪಾದರೆ ಬಿಲ್ಲಿನಿಂದ ದಂಡ ಮುರಿದುಕೊಳ್ಳುವ ಅಂಗಡಿಗಳು ಅಲ್ಲಿ ಹಲವಿವೆ. ನೂರು ಗಿರಾಕಿಗಳ ನೂರು ಕ್ರಮಗಳನ್ನು ನೋಡಿಕೊಳ್ಳಲು ಸಣ್ಣ ಕಂಪೆನಿಯು ತಜ್ಞರನ್ನು ಸಂಬಳಕ್ಕಿಟ್ಟುಕೊಳ್ಳುವುದು ಸಾಧ್ಯವೇ? ಹೀಗೆ ಈ ಜೋಡಣೆಯ ಕೆಲಸವು ಹೊರಗುತ್ತಿಗೆಗೆ ಹೋಯಿತು; ಅದೇ ಒಂದು ದೊಡ್ಡ ಉದ್ಯಮವೂ ಆಯಿತು.

ನಮ್ಮ ದೇಶಕ್ಕೂ ಈ ಗಾಳಿ ಬೀಸಿದೆ. ವ್ಯಾಪಾರಿಯು ವ್ಯಾಪಾರಿಗೆ ಬರೆಯುವ ಬಿಲ್ಲನ್ನು ಜಿ.ಎಸ್.ಟಿ.ಯ ಜಾಲತಾಣದಲ್ಲಿ ನೋಂದಾಯಿಸಬೇಕೆಂಬ ನಿಯಮವು ೨೦೨೦ರ ಅಕ್ಟೋಬರ್ ೧ರಂದು ೫೦೦ ಕೋಟಿ ರೂಪಾಯಿಗೆ ಮಿಕ್ಕಿದ ವಹಿವಾಟಿನವರಿಗೆ ಬಂದಿತು. ೨೦೨೩ರ ಆಗಸ್ಟ್ ೧ರಿಂದ ಆ ಮಿತಿ ೫ ಕೋಟಿಗೆ ಇಳಿಯಿತು. ತಮ್ಮ ತಂತ್ರಾಂಶವನ್ನು ಸರಕಾರದ ವ್ಯವಸ್ಥೆಗೆ ಜೋಡಿಸಲು ಹಲವರು ಮಧ್ಯಸ್ಥ ಸಂಸ್ಥೆಗಳನ್ನು ಹಿಡಿದಿದ್ದಾರೆ. ತಪ್ಪಾಗಿ ನೋಂದಣಿಯಾದ ಬಿಲ್ಲನ್ನು ಅಲ್ಲಿ ರದ್ದುಪಡಿಸಲು ೨೪ ಗಂಟೆಗಳಷ್ಟೇ ಅವಕಾಶ. ಆ ಗಡುವು ಮೀರಿದರೆ ತೆರಿಗೆಯ ಕಚೇರಿಗೆ ಉತ್ತರ ಕೊಡಬೇಕಾದವನು ವ್ಯಾಪಾರಿಯೇ ಹೊರತು ಮಧ್ಯಸ್ಥನಲ್ಲ.

ಹೋಟೆಲಿನವರಿಗೆ ತಿಳಿಯುವ ಒಂದು ಉದಾಹರಣೆ ಕೊಡೋಣ. ಉಗ್ರಾಣದ ಪುಸ್ತಕದಲ್ಲಿ ತೆಂಗಿನಕಾಯಿಯನ್ನು ಎಣಿಕೆಯಲ್ಲಿ ಬರೆಯುತ್ತಾರೆ. ಮಂಡಿಯವನು ಕಿಲೋ ಲೆಕ್ಕದಲ್ಲಿ ಮಾರುತ್ತಾನೆ. ನಾವು ‘೫೦’ ಎಂದು ಆರ್ಡರು ಕಳುಹಿಸಿದರೆ ಅದು ೫೦ ಕಾಯಿಯೋ, ೫೦ ಕಿಲೋವೋ? ದೂರದ ಊರಿನಲ್ಲಿ ಕುಳಿತು ಎರಡು ತಂತ್ರಾಂಶಗಳನ್ನು ಜೋಡಿಸುವವನಿಗೆ ಈ ಭೇದ ತಿಳಿಯದು. ಯಂತ್ರವೂ ಅದನ್ನು ಕೇಳದು. ೯೯೭ರ ರಸೀದಿಯು ಕಾಗದದ ನಮೂನೆ ಸರಿಯಿದೆಯೆಂದು ಹೇಳುತ್ತದೆಯೇ ವಿನಾ, ಅರ್ಥ ಸರಿಯಿದೆಯೆಂದು ಹೇಳುವುದಿಲ್ಲ. ಆ ಅರ್ಥವನ್ನು ಬಲ್ಲವನು ಉಗ್ರಾಣದ ಗುಮಾಸ್ತನೊಬ್ಬನೇ.

ತಾನು ಮಾಡುವುದು ಉತ್ತಮ, ಮಗ ಮಾಡುವುದು ಮಧ್ಯಮ, ಆಳು ಮಾಡುವುದು ಹಾಳು ಎಂದು ನಮ್ಮಲ್ಲೊಂದು ಗಾದೆಯುಂಟು. ದುಡಿಯುವವರ ಮಟ್ಟಿಗೆ ಇದು ಅನ್ಯಾಯದ ಮಾತು. ಒಡೆಯನು ಬೇಕಾದುದನ್ನು ಬಾಯಿಬಿಟ್ಟು ಹೇಳದಿದ್ದಾಗಲೇ ಆಳಿನ ಕೆಲಸ ಕೆಡುವುದು. ಗುತ್ತಿಗೆ ಕೊಡುವುದರಲ್ಲಿ ದೋಷವಿಲ್ಲ. ತಿಳಿವಳಿಕೆಯನ್ನೂ ಗುತ್ತಿಗೆ ಕೊಡುವುದರಲ್ಲಿದೆ ದೋಷ.

ಆದಕಾರಣ ಕರಾರಿಗೆ ಸಹಿ ಹಾಕುವ ಮುನ್ನ ಮಾಲೀಕರು ನಾಲ್ಕು ಸಂಗತಿಗಳನ್ನು ನಿಶ್ಚಯಿಸಿಕೊಳ್ಳಬೇಕು. ಮಾಲುಗಳ ಸಂಕೇತಗಳನ್ನು ಹೊಂದಿಸಿದ ಪಟ್ಟಿಯ ಪ್ರತಿ ನಮ್ಮ ಕೈಯಲ್ಲಿರಬೇಕು. ಕಾಗದವೊಂದು ತಲುಪದಿದ್ದರೆ ಎಷ್ಟು ಹೊತ್ತಿನೊಳಗೆ, ಯಾರಿಗೆ ತಿಳಿಸಬೇಕೆಂಬುದು ಬರಹದಲ್ಲಿರಬೇಕು. ಹಿಂದಿನ ಒಂದು ತಿಂಗಳ ಬಿಲ್ಲುಗಳನ್ನು ಹಾಯಿಸಿ, ಹಳೆಯ ಲೆಕ್ಕಕ್ಕೆ ತಾಳೆ ನೋಡಿಯೇ ಕೆಲಸ ಆರಂಭಿಸಬೇಕು. ಕರಾರು ಮುಗಿದಾಗ ಸಮಸ್ತ ದಾಖಲೆಗಳನ್ನು ಹಿಂದಿರುಗಿಸುವ ಶರತ್ತೂ ಇರಬೇಕು.

ಇನ್ನು ಗುಮಾಸ್ತ ಬಾಂಧವರಿಗೆ ಒಂದು ಮಾತು. ಬಿಲ್ಲು ನೋಡಿ ಬಿಲ್ಲು ಬರೆಯುವ ಕೆಲಸ ಕಡಮೆಯಾಗುತ್ತಿದೆ. ಇದನ್ನು ಮರೆಮಾಚಿ ಪ್ರಯೋಜನವಿಲ್ಲ. ಆದರೆ ಎರಡು ಲೆಕ್ಕಗಳು ಎಲ್ಲಿ, ಏತಕ್ಕೆ ತಾಳೆಯಾಗಲಿಲ್ಲವೆಂದು ಹೇಳಬಲ್ಲವನ ಅಗತ್ಯ ಹೆಚ್ಚುತ್ತಿದೆ. ಜೋಡಣೆಯವರು ಕಚೇರಿಗೆ ಬಂದ ದಿನ ದೂರ ಸರಿದು ನಿಲ್ಲಬೇಡಿರಿ. ಅವರ ಬಳಿ ಕುಳಿತು, ಸಂಕೇತಗಳ ಪಟ್ಟಿಯನ್ನು ಕೇಳಿ ಪಡೆದು ಓದಿರಿ; ತಪ್ಪು ಕಂಡಲ್ಲಿ ಅಂಜದೆ ತೋರಿಸಿರಿ. ಮಾಲಿನ ಅರ್ಥ ಬಲ್ಲ ಗುಮಾಸ್ತನನ್ನು ಕಳೆದುಕೊಳ್ಳುವುದು ಯಾವ ಜಾಣ ಮಾಲೀಕನಿಗೂ ಲಾಭದ ವ್ಯಾಪಾರವಲ್ಲ.