ಪಟ್ಟಿ ಬಿಚ್ಚಿದವರು

1979ರ ಚಳಿಗಾಲ. ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಹಲಗೆ ಓಟದ ಪಂದ್ಯ. ಹಿಮದ ಇಳಿಜಾರಿನಲ್ಲಿ ಹಲಗೆಯ ಮೇಲೆ ನಿಂತು, ಅದರ ಮೂತಿಗೆ ಕಟ್ಟಿದ ಹಗ್ಗ ಹಿಡಿದು ಬೀಳದೆ ಕೆಳಗೆ ಮುಟ್ಟಬೇಕು. ಆ ವರ್ಷ ವರ್ಮಾಂಟ್‌ನಿಂದ ಜೇಕ್ ಬರ್ಟನ್ ಕಾರ್ಪೆಂಟರ್ ಎಂಬ ಯುವಕ ತಾನೇ ತಯಾರಿಸಿದ ಹಲಗೆ ಹೊತ್ತು ಬಂದ. ಅದಕ್ಕೆ ಪಾದ ಬಿಗಿಯುವ ಪಟ್ಟಿ, ಅಂದರೆ ಬೈಂಡಿಂಗ್ ಇತ್ತು. ಉಳಿದವರು ತಕರಾರು ತೆಗೆದರು. ಕಡೆಗೆ ಅವನಿಗಾಗಿಯೇ ಬೇರೆ ವಿಭಾಗ ಮಾಡಬೇಕಾಯಿತು. ಅದರಲ್ಲಿ ಅವನೇ ಗೆದ್ದ.

ತಕರಾರು ಅಲ್ಲಿಗೆ ಸತ್ತುಹೋಯಿತು. ಬರ್ಟನ್‌ನ ಕಂಪನಿ ಬೆಳೆಯಿತು, ಸ್ಕೀ ತಾಣಗಳು ಒಂದೊಂದಾಗಿ ಹಲಗೆಯವರನ್ನು ಒಳಗೆ ಬಿಟ್ಟುಕೊಂಡವು, 1998ರಲ್ಲಿ ಜಪಾನಿನ ನಗಾನೊ ಒಲಿಂಪಿಕ್ಸ್‌ನಲ್ಲಿ ಸ್ನೋಬೋರ್ಡಿಂಗ್‌ಗೂ ಪದಕ ಬಂತು. ಅಷ್ಟರಲ್ಲಿ ಪಟ್ಟಿಯಿಲ್ಲದ ಸ್ನೋಬೋರ್ಡ್ ಎಂದರೆ ಅಂಗಡಿಯಲ್ಲಿ ಇನ್ನೂ ಜೋಡಿಸದೆ ಇಟ್ಟ ಮಾಲು ಎಂದಷ್ಟೇ ಅರ್ಥ.

ಅಲ್ಲಿನವರು ಹಾಗೆ ಸಿಟ್ಟಾದದ್ದಕ್ಕೆ ಕಾರಣವಿತ್ತು. ಆ ಆಟ ಹುಟ್ಟಿದ್ದೇ ಅವರ ರಾಜ್ಯದ ಮಸ್ಕೀಗನ್ ಊರಿನಲ್ಲಿ. 1965ರ ಕ್ರಿಸ್ಮಸ್ ದಿನ ಶೆರ್ಮನ್ ಪಾಪನ್ ಎಂಬ ಎಂಜಿನಿಯರ್, ಮನೆಯಲ್ಲಿ ಗಲಾಟೆ ಮಾಡುತ್ತಿದ್ದ ಹೆಣ್ಣುಮಕ್ಕಳನ್ನು ಹೊರಗೆ ಆಡಿಸಲು ಎರಡು ಸ್ಕೀ ಹಲಗೆಗಳನ್ನು ಪಕ್ಕಪಕ್ಕ ಕೂಡಿಸಿ ಬಿಗಿದ. ಮಕ್ಕಳು ಅದರ ಮೇಲೆ ನಿಂತು ಮನೆಯ ಹಿಂದಿನ ದಿಬ್ಬ ಇಳಿದರು. ಸುತ್ತಮುತ್ತಲ ಮಕ್ಕಳಿಗೂ ಅಂಥದ್ದೇ ಬೇಕಾಯಿತು. ಹೆಂಡತಿ ನ್ಯಾನ್ಸಿ ಅದಕ್ಕೆ ‘ಸ್ನರ್ಫರ್’ ಎಂದು ಹೆಸರಿಟ್ಟಳು. ಮರುವರ್ಷವೇ ಬ್ರನ್ಸ್‌ವಿಕ್ ಕಂಪನಿ ಅದನ್ನು ತಯಾರಿಸಿ ಮಾರತೊಡಗಿತು. ಪೇಟೆಂಟ್ ಸಿಕ್ಕಿದ್ದು 1968ರಲ್ಲಿ. ಪಾಪನ್ ಮುಂದೆ ಅರವತ್ತು ದಾಟಿದ ಮೇಲೆ ಸ್ನೋಬೋರ್ಡ್ ಕಲಿತ. 1979ರ ತಕರಾರು ಅವನನ್ನೇನೂ ಕಾಡಿದಂತಿಲ್ಲ.

ಇಲ್ಲಿಂದ ಕತೆ ಕೆನಡಾಕ್ಕೆ ಹೋಗುತ್ತದೆ. ಬ್ರಿಟಿಷ್ ಕೊಲಂಬಿಯಾ ಪ್ರಾಂತದ ಬೆಟ್ಟಗಳ ನಡುವೆ ಟ್ರೌಟ್ ಲೇಕ್ ಎಂಬ ಪುಟ್ಟ ಊರಿದೆ. ಚಳಿಗಾಲದುದ್ದಕ್ಕೂ ಅಲ್ಲಿ ಹಿಮ ಸುರಿಯುತ್ತದೆ, ಅದನ್ನು ತುಳಿಯುವವರು ಕಡಿಮೆ. ಗ್ರೆಗ್ ಟಾಡ್ಸ್ ಎಂಬ ಸ್ನೋಬೋರ್ಡಿಗ ಅಲ್ಲಿ 1990ರ ದಶಕದ ಕೊನೆಯ ಹೊತ್ತಿಗೆ ತನ್ನ ಹಲಗೆಯ ಪಟ್ಟಿಗಳನ್ನೇ ಕಳಚಿಹಾಕಿದ. ಅವು ಇದ್ದ ಜಾಗದಲ್ಲಿ ಕಾಲು ಜಾರದಂಥ ರಬ್ಬರ್ ಹಾಸು ಬಂತು, ಕೈಯಲ್ಲಿ ಹಿಡಿಯಲು ಹಗ್ಗ ಬಂತು. ಅವನೂ ಗೆಳೆಯರೂ ಅದನ್ನು ‘ನೋಬೋರ್ಡ್’ ಎಂದು ಕರೆದರು. ನೋಡುವವರಿಗೆ ಇದು ಮೂವತ್ತು ವರ್ಷ ಹಿಂದಕ್ಕೆ ನಡೆದಂತೆ ಕಂಡಿರಬೇಕು.

ಆದರೆ ಪಟ್ಟಿಯಿಲ್ಲದೆ ಬೆಟ್ಟ ಇಳಿಯಲು ಬಂದದ್ದಾದರೂ ಹೇಗೆ? ಇದಕ್ಕೆ ಹಿಮವನ್ನೇ ಸ್ವಲ್ಪ ನೋಡಬೇಕು. ಸ್ಕೀ ತಾಣಗಳಲ್ಲಿ ಯಂತ್ರದಿಂದ ಒತ್ತಿ ಸಮ ಮಾಡಿದ ಹಿಮ ನೆಲದಷ್ಟು ಗಟ್ಟಿ. ಅಲ್ಲಿ ಹಲಗೆ ತಿರುಗಬೇಕಾದರೆ ಅದರ ಉಕ್ಕಿನ ಅಂಚು ಹಿಮವನ್ನು ಕಚ್ಚಬೇಕು. ಕಚ್ಚಬೇಕಾದರೆ ಒಂದು ಬದಿಯನ್ನು ಒತ್ತಿದರೆ ಸಾಲದು, ಇನ್ನೊಂದು ಬದಿಯನ್ನು ಕಾಲಿನಿಂದ ಎತ್ತಬೇಕು. ಎತ್ತಲು ಪಾದ ಹಲಗೆಗೆ ಬಿಗಿದಿರಲೇಬೇಕು. ಬರ್ಟನ್ ಮಾಡಿದ್ದು ತಪ್ಪೇನಲ್ಲ. ಅವನು ಹೋಗಲು ಬಯಸಿದ ಹಿಮಕ್ಕೆ ಪಟ್ಟಿ ಬೇಕೇ ಬೇಕು.

ಆಗಷ್ಟೇ ಬಿದ್ದ ಒಣ ಪುಡಿಹಿಮದ ಲೆಕ್ಕ ಬೇರೆ. ಕರಗಿಸಿದರೆ ಹತ್ತು ಅಂಗುಲ ಹಿಮಕ್ಕೆ ಒಂದು ಅಂಗುಲ ನೀರೂ ಸಿಗದಿರಬಹುದು, ಉಳಿದದ್ದೆಲ್ಲ ಗಾಳಿ. ಹಿಮ ಕಾಣದ ನಮ್ಮವರು ಭತ್ತದ ಹೊಟ್ಟಿನ ರಾಶಿಗೆ ಇಳಿದದ್ದನ್ನು ನೆನೆಸಿಕೊಳ್ಳಬಹುದು: ಕಾಲಿಟ್ಟರೆ ಮೊಣಕಾಲವರೆಗೆ ಹೋಗುತ್ತದೆ. ಇಂಥದರ ಮೇಲೆ ಹಲಗೆ ವೇಗ ಹಿಡಿದಾಗ ತಳದ ಅಡಿಯ ಹಿಮವೇ ಅದನ್ನು ಮೇಲಕ್ಕೆ ಒತ್ತಿ ತೇಲಿಸುತ್ತದೆ. ಆಗ ಹಿಮ್ಮಡಿಯ ಕಡೆ ಭಾರ ಹಾಕಿದರೆ ಆ ಬದಿ ತಾನೇ ಮುಳುಗುತ್ತದೆ, ಹಲಗೆ ಓರೆಯಾಗುತ್ತದೆ, ತಿರುಗುತ್ತದೆ. ಎತ್ತುವ ಕೆಲಸವೇ ಇಲ್ಲ, ಒತ್ತಿದರೆ ಸಾಕು. ತಿರುವು ಬಿಗಿಯಾದಷ್ಟೂ ಪಾದ ಹಲಗೆಗೆ ಇನ್ನಷ್ಟು ಒತ್ತಿಕೊಳ್ಳುತ್ತದೆ. ಪಟ್ಟಿ ಮಾಡುತ್ತಿದ್ದ ಕೆಲಸದ ಅರ್ಧವನ್ನು ತಿರುವೇ ಮಾಡಿಕೊಡುತ್ತದೆ.

ಉಳಿದರ್ಧ ಸವಾರನ ಪಾಲು. ಭಾರ ತುಸು ಮುಂದಾದರೆ ಮೂತಿ ಹಿಮದೊಳಗೆ ಹೊಕ್ಕು ಹಲಗೆ ಅಲ್ಲೇ ನಿಲ್ಲುತ್ತದೆ, ಸವಾರ ನಿಲ್ಲುವುದಿಲ್ಲ. ಹಗ್ಗ ಇರುವುದು ಇದಕ್ಕೇ. ಅದನ್ನು ಎಳೆದರೆ ಮೂತಿ ಮೇಲೇಳುತ್ತದೆ, ಪಾದ ಹಾಸಿನ ಮೇಲೆ ಗಟ್ಟಿಯಾಗಿ ಕೂರುತ್ತದೆ.

ಆ ಹಗ್ಗವನ್ನೂ ಬಿಟ್ಟವರು ಬಂದರು. ಅಮೆರಿಕದ ಯೂಟಾ ರಾಜ್ಯದ ಜೆರೆಮಿ ಜೆನ್ಸನ್ 2000ರ ದಶಕದ ಉತ್ತರಾರ್ಧದಲ್ಲಿ ಹಳೆಯ ಸ್ನೋಬೋರ್ಡಿನ ಪಟ್ಟಿ ಕಳಚುವ ಬದಲು, ಪುಡಿಹಿಮಕ್ಕೆಂದೇ ಬೇರೆ ಹಲಗೆ ಮಾಡತೊಡಗಿದ. ಉಕ್ಕಿನ ಅಂಚು ಬೇಡ, ತಳ ಚಪ್ಪಟೆಯಾಗಿರುವುದೂ ಬೇಡ. ದೋಣಿ ಕಟ್ಟುವವರ ಹಾಗೆ ತಳಕ್ಕೆ ಉಬ್ಬುತಗ್ಗು ಕೊಟ್ಟು, ಹಿಮ ಹಾಯುವ ದಾರಿಯನ್ನೇ ತಿದ್ದಿದ. ಇದಕ್ಕೆ ಪೌಡರ್ ಸರ್ಫಿಂಗ್, ಚಿಕ್ಕದಾಗಿ ಪೌಸರ್ಫಿಂಗ್ ಎಂಬ ಹೆಸರು ನಿಂತಿತು. ಆಸ್ಟ್ರಿಯಾದಲ್ಲಿ ವೋಲೆ ನೈವೆಲ್ಟ್ ತನ್ನ ಗೆಳೆಯನ ಜೊತೆ ಇಂಥವೇ ಹಲಗೆಗಳನ್ನು ಮಾಡಿದ. ಜಪಾನಿನಲ್ಲಿ ಪ್ಲೈವುಡ್ ಬಗ್ಗಿಸಿ ತಮ್ಮ ಹಲಗೆ ತಾವೇ ಮಾಡಿಕೊಳ್ಳುವವರ ಬಳಗಗಳಿವೆ.

ಇವರೆಲ್ಲ ಯಂತ್ರ ಮುಟ್ಟದ ಬೆಟ್ಟಗಳಿಗೇ ಹೋಗಬೇಕು. ತಾಣಗಳ ಗಟ್ಟಿಹಿಮದಲ್ಲಿ ಈ ಹಲಗೆ ನಿಲ್ಲುವುದಿಲ್ಲ. ಕಾಲು ತಪ್ಪಿದರೆ ಅದು ಒಂದೇ ಸಮನೆ ಕೆಳಗೋಡಿ ಯಾರಿಗಾದರೂ ಬಡಿಯುವ ಭಯ ಬೇರೆ. ಆದ್ದರಿಂದ ಹಿಮಬೂಟು ತೊಟ್ಟು, ಹಲಗೆಯನ್ನು ಬೆನ್ನಿಗೇರಿಸಿ ಹತ್ತಬೇಕು. ನನ್ನ ಮಟ್ಟಿಗೆ ಈ ಆಟದ ದೊಡ್ಡ ಲಾಭ ಇಲ್ಲೇ ಇದೆ. ಹಿಮ ಚಪ್ಪಡಿಚಪ್ಪಡಿಯಾಗಿ ಕುಸಿಯುವುದು ಹೆಚ್ಚಾಗಿ 30ರಿಂದ 45 ಡಿಗ್ರಿ ಕಡಿದಾದ ಇಳಿಜಾರುಗಳಲ್ಲಿ. ಪಟ್ಟಿ ಬಿಗಿದವನಿಗೆ ಅದಕ್ಕಿಂತ ಕಡಿಮೆಯ ಇಳಿಜಾರು ಸಪ್ಪೆ. ಪಟ್ಟಿಯಿಲ್ಲದವನಿಗೆ 25 ಡಿಗ್ರಿಯೂ ಸಾಕಷ್ಟು ಕೆಲಸ ಕೊಡುತ್ತದೆ. ಸ್ವಾತಂತ್ರ್ಯ, ಪರಿಶುದ್ಧತೆ ಎಂದು ಈ ಸವಾರರು ಆಡುವ ದೊಡ್ಡ ಮಾತುಗಳಿಗಿಂತ ನನಗೆ ಈ ಐದು ಡಿಗ್ರಿಯ ಮೇಲೆ ನಂಬಿಕೆ ಹೆಚ್ಚು. ಹಾಗೆಂದು ಬೆಟ್ಟ ಯಾರಿಗೂ ರಿಯಾಯಿತಿ ಕೊಡುವುದಿಲ್ಲ. ಟಾಡ್ಸ್ 2005ರಲ್ಲಿ ಹಿಮಕುಸಿತಕ್ಕೆ ಸಿಕ್ಕಿ ಸತ್ತ.

ಇಷ್ಟೆಲ್ಲ ಆದ ಮೇಲೆ ಹೊರಗಿನ ಸ್ನೋಬೋರ್ಡಿಗರಿಗೆ ಟರ್ಕಿಯ ಒಂದು ಹಳ್ಳಿ ಕಣ್ಣಿಗೆ ಬಿತ್ತು. ಕಪ್ಪುಸಮುದ್ರದ ಕಡೆಯ ರಿಝೆ ಪ್ರಾಂತದ ಬೆಟ್ಟಗಳಲ್ಲಿ ಪೆಟ್ರಾನ್ ಎಂಬ ಊರು. ಅಲ್ಲಿ ಗಂಡಸರು, ಹುಡುಗರು ಮರದ ರೀಪುಗಳನ್ನು ಜೋಡಿಸಿ ಮೊಳೆ ಹೊಡೆದ ಹಲಗೆಯ ಮೇಲೆ ಸುಮ್ಮನೆ ನಿಂತು, ಒಂದು ಕೈಯಲ್ಲಿ ಮೂತಿಯ ಹಗ್ಗ, ಇನ್ನೊಂದರಲ್ಲಿ ಕೋಲು ಹಿಡಿದು ಬೆಟ್ಟ ಇಳಿಯುತ್ತಾರೆ. ಅಜ್ಜ ಮುತ್ತಜ್ಜಂದಿರ ಕಾಲದಿಂದಲೂ ಹೀಗೇ ಎನ್ನುತ್ತಾರೆ. ಅವರ ಹತ್ತಿರ ಪೇಟೆಂಟ್ ಇಲ್ಲ, ಕಂಪನಿ ಇಲ್ಲ.

ಹಾಗಾದರೆ ಕಂಡುಹಿಡಿದವರು ಯಾರು? ಹಲಗೆಯ ಮಟ್ಟಿಗೆ ಪೆಟ್ರಾನ್‌ನವರಿಗೇ ಮೊದಲ ಹಕ್ಕು ಇರಬಹುದು, ಅದನ್ನು ಅಂಗಡಿಗೆ ತಂದ ಶ್ರೇಯ ಪಾಪನ್‌ನದು. ಆದರೆ ಅವರಿಗೆ ಪಟ್ಟಿ ಇರಲಿಲ್ಲ, ಇಲ್ಲದ್ದನ್ನು ಬಿಡುವ ಪ್ರಶ್ನೆಯೂ ಇರಲಿಲ್ಲ. ಟಾಡ್ಸ್‌ನ ಕಾಲಡಿಗೆ ಪಟ್ಟಿ ಇತ್ತು, ಅದು ಚೆನ್ನಾಗಿ ಕೆಲಸವನ್ನೂ ಮಾಡುತ್ತಿತ್ತು. ಅದು ಯಾವ ಹಿಮಕ್ಕೆ ಬೇಕು, ಯಾವುದಕ್ಕೆ ಬೇಡ ಎಂಬುದನ್ನು ಇಳಿದು ನೋಡಿ ತೋರಿಸಿದವನು ಅವನು. ನನ್ನ ಓಟು ಅವನಿಗೆ.