ಕುಡುಗೋಲಿಗೆ ಒಪ್ಪುವ ಹಿಡಿ

ಕುಯಿಲಿನ ನಡುವೆ ಕುಡುಗೋಲಿನ ಹಿಡಿ ಕಳಚಿದರೆ ಕೆಲಸ ನಿಲ್ಲುವುದಲ್ಲದೆ ಕೈಗೂ ಗಾಯವಾಗುತ್ತದೆ. ತಪ್ಪನ್ನು ಕಮ್ಮಾರನ ಮೇಲೆ ಹೊರಿಸುವುದು ರೂಢಿ. ಆದರೆ ಅನೇಕ ವೇಳೆ ದೋಷವಿರುವುದು ಹಸಿ ಮರದಲ್ಲಿ. ಹಸಿ ಮರ ಒಣಗುವಾಗ ಕುಗ್ಗಿ ಸೀಳುತ್ತದೆ. ಹಿಡಿಯ ತುದಿಗೆ ತೊಡಿಸಿದ ಕಬ್ಬಿಣದ ಬಳೆ ಸಡಿಲವಾಗುತ್ತದೆ.

ಮರದ ಆಯ್ಕೆ: ಜಾಲಿ, ದಿಂಡಿಗ, ತಡಸಲು, ಹುಣಸೆ ಹಿಡಿಗೆ ಸೂಕ್ತವಾದವು. ಬದುವಿನ ಜಾಲಿಯನ್ನು ಸವರುವಾಗಲೇ ಎಳೆ ನೇರವಾಗಿರುವ, ಗಂಟಿಲ್ಲದ ಕೊಂಬೆಯನ್ನು ಆರಿಸಿಕೊಳ್ಳಿ. ನಡುವಿನ ತಿರುಳು ಬಾರದಂತೆ ಸೀಳಿ, ಎರಡೂ ತುದಿಗಳಿಗೆ ಸಗಣಿ ಬಳಿದು, ಗಾಳಿಯಾಡುವ ನೆರಳಿನಲ್ಲಿ ಸುಮಾರು 6 ತಿಂಗಳು ಒಣಗಿಸಿ. ಬಿಸಿಲಿಗಿಟ್ಟರೆ ಬಿರುಕು ಬಿಡುತ್ತದೆ.

ಅಳತೆ: ಕುಯಿಲು ಮಾಡುವವರ ಕೈಯನ್ನೇ ಅಳತೆಯಾಗಿಟ್ಟುಕೊಳ್ಳಿ. ಹಿಡಿದಾಗ ಹೆಬ್ಬೆರಳು ತೋರುಬೆರಳನ್ನು ಮುಟ್ಟಬೇಕು. ಗಂಡಸರ ಕೈಗೆ ಮಾಡಿದ ದಪ್ಪ ಹಿಡಿಯಿಂದ ಹೆಂಗಸರ ಮಣಿಕಟ್ಟು ಬೇಗ ನೋಯುತ್ತದೆ. ಹಿಡಿ ಗುಂಡಗಿರದೆ ಮೊಟ್ಟೆಯಾಕಾರವಾಗಿದ್ದರೆ ಕೈಯಲ್ಲಿ ತಿರುಗದು.

ಜೋಡಣೆ: ಮೊದಲು ಬಳೆಯನ್ನು ಬಿಗಿಯಾಗಿ ತೊಡಿಸಿ. ಅಲಗಿನ ಬಾಲಕ್ಕಿಂತ ತುಸು ಸಣ್ಣ ರಂಧ್ರ ಕೊರೆದು, ಬಾಲದ ತುದಿಯನ್ನು ಮಾತ್ರ ಕಾಯಿಸಿ ಕೂರಿಸಿ. ಆಗ ಅಲಗಿಗೆ ಒದ್ದೆ ಬಟ್ಟೆ ಸುತ್ತಿರಬೇಕು. ಶಾಖ ಅಲಗಿಗೆ ಏರಿದರೆ ಕಮ್ಮಾರ ಕೊಟ್ಟ ಹದ ಕೆಟ್ಟು ಬಾಯಿ ಬೇಗ ಮೊಂಡಾಗುತ್ತದೆ.

ರಕ್ಷಣೆ: ಅಗಸೆ ಎಣ್ಣೆಯನ್ನು ತೆಳುವಾಗಿ ಸವರಿ. ಅದು ಗಾಳಿಗೆ ಗಟ್ಟಿಯಾಗುತ್ತದೆ; ಹರಳೆಣ್ಣೆ ಹಾಗೆ ಒಣಗದೆ ಜಾರುತ್ತದೆ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದುರಿ ಇಡಬೇಡಿ. ತಾನಾಗಿಯೇ ಬೆಂಕಿ ಹತ್ತಬಹುದು. ಸಡಿಲವಾದ ಹಿಡಿಯನ್ನು ನೀರಿನಲ್ಲಿ ನೆನೆಸುವ ಅಭ್ಯಾಸವನ್ನೂ ಬಿಡಿ. ಅಂದಿಗೆ ಬಿಗಿಯಾದರೂ ಒಣಗಿದ ಮೇಲೆ ಮೊದಲಿಗಿಂತ ಸಡಿಲವಾಗುತ್ತದೆ.

ಈ ಬೇಸಿಗೆಯಲ್ಲಿ ಸವರಿ ಒಣಗಲಿಟ್ಟ ಕೊಂಬೆ ಬರುವ ಸುಗ್ಗಿಗೆ ಹಿಡಿಯಾಗಿ ಸಿದ್ಧವಿರುತ್ತದೆ.