ಅಂದದ ಚುಕ್ಕಿ ಎಲೆ: ಮಕ್ಕಳಿರುವ ಮನೆಯಲ್ಲಿ ಎಚ್ಚರ

ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆ ಈಗ ಸೋಫಾದ ಪಕ್ಕ, ಮೆಟ್ಟಿಲ ಬುಡ, ಸಿಟೌಟಿನ ಮೂಲೆಗಳಲ್ಲಿ ಅಗಲ ಎಲೆಯ ಒಂದು ಗಿಡ ಕಾಣಸಿಗುತ್ತದೆ. ಹಸಿರು ಎಲೆಯ ಮೇಲೆ ಬಿಳಿ, ಕೆನೆ ಬಣ್ಣ ಚೆಲ್ಲಿದಂತಿರುವ ಈ ಗಿಡದ ಹೆಸರು ಡೀಫನ್‌ಬೇಕಿಯಾ. ಮಧ್ಯ ಮತ್ತು ದಕ್ಷಿಣ ಅಮೆರಿಕದ ಕಾಡಿನಿಂದ ಬಂದದ್ದರಿಂದ ನಮ್ಮ ಕರಾವಳಿಯ ಸೆಕೆ, ತೇವ ಇದಕ್ಕೆ ಚೆನ್ನಾಗಿ ಒಗ್ಗುತ್ತದೆ. ಇದಕ್ಕೆ ‘ಡಂಬ್ ಕೇನ್’ ಎಂಬ ಇನ್ನೊಂದು ಹೆಸರೂ ಇದೆ. ಅಂದರೆ ಮೂಕನನ್ನಾಗಿಸುವ ದಂಟು.

ಈ ಹೆಸರು ಸುಮ್ಮನೆ ಬಂದದ್ದಲ್ಲ. ಇದು ನಮ್ಮ ಕೆಸುವಿನ ಬಳಗದ ಗಿಡ. ಕೆಸುವಿನ ಎಲೆ ಸರಿಯಾಗಿ ಬೇಯದಿದ್ದರೆ ಗಂಟಲು ತುರಿಸುತ್ತದೆ ಎಂಬುದು ಪತ್ರೊಡೆ ಮಾಡುವವರಿಗೆಲ್ಲ ಗೊತ್ತು. ಆ ತುರಿಕೆಗೆ ಕಾರಣವಾದ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳು ಇದರ ಎಲೆ, ದಂಟುಗಳಲ್ಲೂ ಇವೆ. ಅಂಬೆಗಾಲಿಡುವ ಮಗು ಎಲೆ ಕಚ್ಚಿದರೆ ಅವು ನಾಲಗೆ, ತುಟಿಗೆ ಚುಚ್ಚಿಕೊಂಡು ಉರಿ, ಬಾವು ಬರುತ್ತದೆ. ಜೊಲ್ಲು ಸುರಿಯುತ್ತದೆ, ಮಾತು ಹೊರಡುವುದಿಲ್ಲ. ಹೆಚ್ಚಿನ ಸಲ ಇದು ತಾನಾಗಿ ಇಳಿಯುತ್ತದೆ. ಆದರೆ ಗಂಟಲು ಬಾತುಕೊಂಡರೆ ಉಸಿರಿಗೇ ತೊಂದರೆ. ಮನಿಪ್ಲಾಂಟ್, ಸಿಂಗೋನಿಯಂ, ಕೆಲಾಡಿಯಂ, ಅಗ್ಲೋನಿಮಾ ಕೂಡ ಇದೇ ಬಳಗದವು.

ಮಗು ಕಚ್ಚಿದರೆ ಬಾಯಲ್ಲಿರುವ ಚೂರುಗಳನ್ನು ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಿರಿ. ನುಂಗಲು ಸಾಧ್ಯವಿದ್ದರೆ ತಣ್ಣನೆಯ ನೀರು ಅಥವಾ ಹಾಲನ್ನು ಗುಟುಕು ಗುಟುಕಾಗಿ ಕುಡಿಸಿ. ವಾಂತಿ ಮಾಡಿಸಬೇಡಿ. ಬಾವು ಏರುತ್ತಿದ್ದರೆ, ನುಂಗಲು ಅಥವಾ ಉಸಿರಾಡಲು ಕಷ್ಟವಾದರೆ ಕಾಯಬೇಡಿ, 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಒಯ್ಯಿರಿ. ಒಂದು ಎಲೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಜೊತೆಗೆ ಕೊಂಡುಹೋಗಿ; ವೈದ್ಯರಿಗೆ ಗಿಡ ಗುರುತಿಸಲು ಸುಲಭ. ರಸ ಕಣ್ಣಿಗೆ ಬಿದ್ದರೆ ಕನಿಷ್ಠ 15 ನಿಮಿಷ ನೀರು ಹರಿಸಿ ತೊಳೆದು ವೈದ್ಯರಿಗೆ ತೋರಿಸಿ.

ಹಾಗೆಂದು ಗಿಡವನ್ನೇ ಬಿಸಾಡಬೇಕಿಲ್ಲ. ಮಗುವಿನ ಕೈಗೆ ಸಿಗದ ಎತ್ತರದಲ್ಲಿಡಿ. ಎಲೆಯ ಬಿಳಿ ಭಾಗದಲ್ಲಿ ಪತ್ರಹರಿತ್ತು ಇಲ್ಲದಿರುವುದರಿಂದ ಇಂಥ ಗಿಡಕ್ಕೆ ಬೆಳಕು ತುಸು ಹೆಚ್ಚೇ ಬೇಕು. ಕತ್ತಲ ಮೂಲೆಯಲ್ಲಿ ಬಣ್ಣ ಮಂಕಾಗುತ್ತದೆ, ನೇರ ಬಿಸಿಲಿಗೆ ಎಲೆ ಸುಡುತ್ತದೆ. ಕಿಟಕಿಯ ಹತ್ತಿರದ ಬೆಳಕು ಸಾಕು. ಬರೀ ಕೆಂಪು ಮಣ್ಣು ನೀರು ಬಿದ್ದು ಗಟ್ಟಿಯಾಗುವುದರಿಂದ ಹೊಯ್ಗೆ, ತೆಂಗಿನ ನಾರಿನ ಪುಡಿ, ಹಳೆಯ ಗೊಬ್ಬರ ಬೆರೆಸಿ. ಬೆರಳಿನ ಒಂದು ಗೆಣ್ಣಿನಷ್ಟು ಆಳಕ್ಕೆ ಮಣ್ಣು ಒಣಗಿದ ಮೇಲಷ್ಟೇ ನೀರು ಕೊಡಿ. ಮಳೆಗಾಲದಲ್ಲಿ ದಿನವೂ ನೀರು ಹಾಕಿದರೆ ಬೇರು ಕೊಳೆಯುತ್ತದೆ, ಕುಂಡದಲ್ಲಿ ಬೂಷ್ಟು ಹಿಡಿಯುತ್ತದೆ. ಕತ್ತರಿಸುವಾಗ ಕೈಗವಸು ಹಾಕಿ; ಕೆಲಸ ಮುಗಿದೊಡನೆ ಸಾಬೂನಿನಿಂದ ಕೈ ತೊಳೆಯಿರಿ. ರಸ ಅಂಟಿದ ಕೈಯಲ್ಲೇ ವುಝೂ ಮಾಡಲು ಹೋದರೆ ಮುಖ, ಕಣ್ಣು ಉರಿದೀತು.

ಇನ್ನೊಂದು ಅಪಾಯ ಕುಂಡದ ಕೆಳಗಿನ ತಟ್ಟೆಯಲ್ಲಿದೆ. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಇಷ್ಟೇ ಇಷ್ಟು ನಿಂತ ನೀರು ಸಾಕು. ಮೊಟ್ಟೆಯಿಂದ ಸೊಳ್ಳೆಯಾಗಲು ಹೆಚ್ಚುಕಡಿಮೆ 7ರಿಂದ 10 ದಿನ. ಮನಿಪ್ಲಾಂಟ್ ಇಟ್ಟ ಬಾಟಲಿಯೂ ಇದಕ್ಕೆ ಹೊರತಲ್ಲ. ನೀರು ಚೆಲ್ಲಿದರಷ್ಟೇ ಸಾಲದು. ಒಳಬದಿಗೆ ಅಂಟಿದ ಮೊಟ್ಟೆಗಳು ಒಣಗಿಯೂ ತಿಂಗಳುಗಟ್ಟಲೆ ಬದುಕುತ್ತವೆ. ವಾರಕ್ಕೊಂದು ದಿನ ಗೊತ್ತುಮಾಡಿ ತಟ್ಟೆ, ಬಾಟಲಿಗಳನ್ನು ಬ್ರಶ್ಶಿನಿಂದ ಉಜ್ಜಿ ತೊಳೆಯಿರಿ. ಶುಕ್ರವಾರ ಬೆಳಿಗ್ಗೆ ಹೇಗೂ ಮನೆ ಗುಡಿಸಿ ಒರೆಸುವವರು ಆ ಕೆಲಸಕ್ಕೆ ಇದನ್ನೂ ಸೇರಿಸಿಕೊಳ್ಳಬಹುದು.

ಗಿಡ ಇಟ್ಟರೆ ಗಾಳಿ ಶುದ್ಧವಾಗುತ್ತದೆ ಎಂದು ನಂಬಿ ಕಿಟಕಿ ಮುಚ್ಚಿಡಬೇಡಿ. ಎರಡು ಮೂರು ಕುಂಡಗಳಿಂದ ಕೋಣೆಯ ಗಾಳಿ ಹೇಳಿಕೊಳ್ಳುವಷ್ಟು ಬದಲಾಗದು. ಗಿಡ ಕಣ್ಣಿಗೆ ತಂಪು ನೀಡಲಿ, ಗಾಳಿ ಕಿಟಕಿಯಿಂದಲೇ ಬರಲಿ.